ಅಳಿಸಿ ಅಳಿಸಿ ಮಾತಾಡಿದ ಶಕುಂತಲಮ್ಮ

ಶಕುಂತಲಮ್ಮನವರಿಗೆ ಮಾತಾಡುವುದಕ್ಕಿಂತ ಆಡಿದ್ದನ್ನು ಅಳಿಸುವುದರಲ್ಲೇ ಚುರುಕು ಹೆಚ್ಚು. ಬೆಳಗಿನ ಲಿಂಗಪೂಜೆ ಮುಗಿಸಿ, ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜು ಕಳಿಸುತ್ತಾರೆ. ಕೇಳೋಣವೆಂದು ಯಾರಾದರೂ ಬೆರಳಿಡುವಷ್ಟರಲ್ಲಿ ಅದು ಮಾಯವಾಗಿ, ಆ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲೊಂದು ಉಳಿಯುತ್ತದೆ. ಕೆಲವು ದಿನ ಹೊತ್ತೇರುವುದರೊಳಗೆ ಗುಂಪಿನ ತುಂಬ ಅಂಥವೇ ಸಾಲುಗಳು.

“ಶಕುಂತಲಕ್ಕ, ನಮ್ಮ ಭಟ್ಟಿ ಮಂಡಕ್ಕಿನಾದ್ರೂ ವಾಸಿ,” ಎಂದು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಖ್ತರ್ ಬಾನು ಛೇಡಿಸುತ್ತಿದ್ದಳು. “ನಿಮ್ಮ ಮಾತು ಪಟಪಟ ಸಿಡೀತೈತೆ, ಬುಟ್ಟ್ಯಾಗ ನೋಡಿದ್ರೆ ಒಂದು ಕಾಳೂ ಇಲ್ಲ.”

“ಸುಮ್ಕಿರೇ ಮಾರಾಯ್ತಿ, ಕೆಮ್ಮು ಬಂದಿತ್ತು. ಅದನ್ನೂ ಕೇಳಬೇಕೇನು ನೀನು?” ಎನ್ನುವರು ಶಕುಂತಲಮ್ಮ.

ಕುಳಿತಲ್ಲಿ ಕೂರುವ ಜೀವವೂ ಅಲ್ಲ ಅದು. ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಸೀಟು ಸಿಕ್ಕರೂ ಅಂಚಿನಲ್ಲೇ ಕೂತು, ಮುಂದಿನ ಸ್ಟಾಪಿನಲ್ಲಿ ಇಳಿಯುವವರಂತೆ ಚೀಲದ ಹಿಡಿ ಬಿಗಿಹಿಡಿದಿರುತ್ತಾರೆ. ವಿದ್ಯಾನಗರದಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಪ್ರತಿ ಶನಿವಾರ ಹೆಂಗಸರೆಲ್ಲ ಚಾಪೆ ಹಾಸಿ ಕೂತರೆ ಇವರೊಬ್ಬರು ಎದ್ದು ಕಿಟಕಿ ತೆರೆಯುತ್ತಾರೆ, ಸ್ಕೂಟರುಗಳ ಸದ್ದೆಂದು ಮುಚ್ಚುತ್ತಾರೆ, ಸೆಖೆಯೆಂದು ಮತ್ತೆ ತೆರೆಯುತ್ತಾರೆ. ಅರವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಕೆಡದ ಕಾಟನ್ ಸೀರೆ, ಹಣೆಯ ಮೇಲೆ ವಿಭೂತಿ. ಆ ವಿಭೂತಿಯನ್ನು ಒಮ್ಮೆ ನೋಡಿದವರು ಮರೆಯಲಾರರು. ಮೂರು ಬೆರಳಲ್ಲಿ ಒಟ್ಟಿಗೆ ಎಳೆದ ಮೂರು ಗೆರೆಗಳಲ್ಲಿ ಮೊದಲನೆಯದು ನೆಟ್ಟಗೆ ಹೋದರೆ ಉಳಿದೆರಡು ಅರ್ಧದಲ್ಲೇ ಕೆಳಗೆ ಜಾರುತ್ತವೆ. ಬಲಗೈಯ ನಡುಬೆರಳೂ ಉಂಗುರಬೆರಳೂ ಮಡಚಿಕೊಂಡೇ ಇರುವುದು ಅದಕ್ಕೆ ಕಾರಣ. “ಒಳಕಲ್ಲಿನ ಗುಂಡು ಬಿದ್ದಿತ್ತು” ಎಂದು ಅವರು ಮದುವೆಯಾಗಿ ಎರಡು ವರ್ಷವಾದಾಗಿನಿಂದ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದರು.

ಅವರನ್ನು ಆ ಕೋಣೆಗೆ ಕರೆತಂದವಳು ಸೊಸೆ ಪೂಜಾ. ಅಲ್ಲಿ ಆಶಾರಾಣಿ ಎಂಬ ಹೆಣ್ಣುಮಗಳು, ಹೆಂಗಸರು ತಮ್ಮ ಬದುಕಿನ ಒಂದು ತುಣುಕನ್ನು ತಮ್ಮದೇ ದನಿಯಲ್ಲಿ ಹೇಳಿ, ಹಳೆಯ ಫೋಟೋಗಳನ್ನು ಜೋಡಿಸಿ, ಮೊಬೈಲಿನಲ್ಲೇ ಎರಡು ಮೂರು ನಿಮಿಷದ ವಿಡಿಯೋ ಮಾಡುವುದನ್ನು ಕಲಿಸುತ್ತಾಳೆ. ಅಖ್ತರ್ ಬಾನು ಮುಖ ತೋರಿಸಲಾರೆನೆಂದು ಮಂಡಕ್ಕಿ ಹುರಿಯುವ ತನ್ನ ಎರಡು ಕೈಗಳನ್ನಷ್ಟೇ ತೋರಿಸಿ, ಹೆರಿಗೆಯ ಬೇನೆ ಶುರುವಾದ ದಿನವೂ ಭಟ್ಟಿಗೆ ಹೋಗಿದ್ದನ್ನು ಹೇಳಿದ್ದಳು. ಮಾಯಕೊಂಡದಿಂದ ಬರುವ ಕಾಲೇಜು ಹುಡುಗಿ ಸುಷ್ಮಾ ತನ್ನ ತೊದಲನ್ನೇ ಕತೆ ಮಾಡಿದ್ದಳು. ಅವನ್ನೆಲ್ಲ ನೋಡಿ ಕಣ್ಣೊರೆಸಿಕೊಂಡ ಶಕುಂತಲಮ್ಮ ತಮ್ಮ ಸರದಿ ಬಂದಾಗ ಮಾತ್ರ, “ನಂದೇನೈತ್ರಿ, ಸುಖವಾಗಿದ್ದೆ,” ಎಂದು ಕಿಟಕಿಯ ಕಡೆ ನಡೆದುಬಿಡುತ್ತಿದ್ದರು.

ಅವರ ಯಜಮಾನರು ಪರಮೇಶ್ವರಪ್ಪನವರು ಲಿಂಗೈಕ್ಯರಾಗಿ ಹತ್ತಿರ ಹತ್ತಿರ ಒಂದು ವರ್ಷ. ಹರಿಹರದಲ್ಲಿ ಅವರ ಹೆಸರು ಹೇಳಿದರೆ ಜನ ಈಗಲೂ ಎದ್ದು ನಿಲ್ಲುತ್ತಾರೆ. ಅಣ್ಣತಮ್ಮಂದಿರ ಎಷ್ಟೋ ಜಗಳಗಳನ್ನು ಜಗಲಿಯ ಮೇಲೆ ಕೂತು ಬಗೆಹರಿಸಿದವರು; ಏರಿದ ದನಿಯಲ್ಲಿ ಮಾತಾಡಿದ್ದನ್ನು ಊರು ಕೇಳಿಲ್ಲ. ಮಗ ಮಹಾಂತೇಶ ಅಪ್ಪನ ವರ್ಷದ ಪುಣ್ಯಸ್ಮರಣೆಯನ್ನು ಸಮುದಾಯ ಭವನದಲ್ಲಿ ದೊಡ್ಡದಾಗಿ ಮಾಡಬೇಕೆಂದು ಓಡಾಡುತ್ತಿದ್ದ. ಒಂದು ದಿನ ಊಟಕ್ಕೆ ಕೂತಾಗ ಅವನಿಗೆ ಹೊಳೆಯಿತು.

“ಅವ್ವ, ಹೆಂಗೂ ಕಲ್ತೀಯಲ್ಲ, ಅಪ್ಪನ ಮೇಲೆ ಒಂದು ವಿಡಿಯೋ ಮಾಡು. ನಿನ್ನ ದನೀಲೇ ಇರ್ಲಿ. ದೊಡ್ಡ ಪರದೆ ಹಾಕಿಸ್ತೀನಿ, ಸ್ವಾಮಿಗಳೂ ನೋಡ್ತಾರೆ.”

ಶಕುಂತಲಮ್ಮ “ಆಗ್ಲಪ್ಪ” ಎಂದರು. ಗುಂಪಿನಲ್ಲಿ ಅಳಿಸಿದ ಸಾಲುಗಳು ಬೆಳೆಯತೊಡಗಿದ್ದು ಅಂದಿನಿಂದಲೇ. ದನಿ ಸರಿಯಿದೆಯೇ ಕೇಳಿ ಹೇಳಿರೆಂದು ಗುಂಪಿಗೆ ಕಳಿಸುವುದು ಅಲ್ಲಿಯ ರೂಢಿ. ‘ನಮ್ಮ ಯಜಮಾನರು ದೇವರಂಥ ಮನುಷ್ಯರು’ ಎಂದು ಶುರುಮಾಡುವರು, ಕಳಿಸುವರು, ಮರುಗಳಿಗೆಯೇ ಅಳಿಸುವರು. ಅಂಗೈಯ ಲಿಂಗವನ್ನು ಈಗಷ್ಟೇ ಕರಡಿಗೆಯೊಳಗಿಟ್ಟು, ಮಂತ್ರ ಹೇಳಿದ ಬಾಯಲ್ಲೇ ಆ ಮಾತನ್ನು ಹೇಳುವುದು ಅವರಿಂದಾಗುತ್ತಿರಲಿಲ್ಲ. ಹೇಳದಿದ್ದರೆ ಮಗನ ಮುಖ ನೋಡುವುದು ಹೇಗೆ? ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗುವರು. ಹಾಲು ಉಕ್ಕಿದ ವಾಸನೆಗೆ ಓಡಿಬರುವರು.

ಹೀಗೇ ಒಂದು ಬೆಳಿಗ್ಗೆ, ಸಿಟ್ಟೋ ದಣಿವೋ, ಪೂಜೆಯ ಮಣೆಯ ಮೇಲೆ ಕೂತಲ್ಲೇ ಮೊಬೈಲು ಬಾಯಿಗೆ ಹಿಡಿದು ಬೇರೆಯೇ ಮಾತು ಹೇಳಿದರು: “ಕಲ್ಲು ಬಿದ್ದಿರಲಿಲ್ಲ. ಗುತ್ತೂರಿಗೆ, ನಮ್ಮವ್ವನ ಮನಿಗೆ ಕೇಳದೆ ಹೋಗಿದ್ದೆ. ಬಂದ ಮ್ಯಾಲೆ ನನ್ನ ಕೈನ ಬಾಗಿಲ ಸಂದೀಲಿಟ್ಟು ಬಾಗಿಲು ಹಾಕಿದ್ರು. ಮರುದಿನ ಅವರೇ ನಾಟಿ ವೈದ್ಯರ ಹತ್ರ ಕರ್ಕೊಂಡು ಹೋದ್ರು. ಕೈ ಕೂಡೋತಂಕ ಅವರೇ ಊಟ ಮಾಡ್ಸಿದ್ರು. ಓಣಿಯೋರೆಲ್ಲ ನೋಡಿ, ಎಂಥಾ ಗಂಡನ್ನ ಪಡ್ದೀಯೇ ಅಂದ್ರು. ಮುರಿದೋರೂ ಅವರೇ, ತುತ್ತಿಟ್ಟೋರೂ ಅವರೇ. ಜನ ತುತ್ತು ನೋಡಿದ್ರು.”

ಬೆರಳು ಜಾರಿ ಅದು ಗುಂಪಿಗೆ ಹೋಯಿತೋ, ಮನಸ್ಸೇ ಕಳಿಸಿತೋ ಅವರಿಗೇ ತಿಳಿಯದು. ಹೋದದ್ದು ಕಂಡೊಡನೆ ಅಳಿಸಿದರು. ಈ ಸಲ ‘ಅಳಿಸಲಾಗಿದೆ’ ಎಂಬ ಸಾಲೂ ಉಳಿಯಲಿಲ್ಲ. ಗುರುತೂ ಇಲ್ಲದಂತೆ ಹೋಯಿತಲ್ಲ, ಶಿವ ಕಾಪಾಡಿದ ಎಂದುಕೊಂಡರು. ಆದರೆ ಅವಸರದಲ್ಲಿ ಅವರು ಒತ್ತಿದ್ದು ‘ಎಲ್ಲರಿಗೂ ಅಳಿಸಿ’ ಎಂಬುದನ್ನಲ್ಲ, ‘ನನಗಾಗಿ ಅಳಿಸಿ’ ಎಂಬುದನ್ನು. ಅವರ ಮೊಬೈಲೊಂದನ್ನು ಬಿಟ್ಟು ಗುಂಪಿನ ಪ್ರತಿಯೊಬ್ಬರ ಮೊಬೈಲಿನಲ್ಲೂ ಆ ದನಿ ಹಾಗೆಯೇ ಉಳಿದಿತ್ತು.

ಶನಿವಾರ ಕೋಣೆಗೆ ಬಂದಾಗ ಏನೋ ಬೇರೆಯಾಗಿರುವುದು ಶಕುಂತಲಮ್ಮನವರಿಗೆ ತಟ್ಟಿತು. ಸುಷ್ಮಾ ಅವರ ಚೀಲವನ್ನು ತಾನೇ ಇಸಿದುಕೊಂಡಳು. ಯಾವತ್ತೂ ಇಲ್ಲದ್ದು, ಆಶಾರಾಣಿ ಚಹಾದ ಲೋಟವನ್ನು ಎಡಗೈಗೆ ಕೊಟ್ಟಳು. ಅಖ್ತರ್ ಬಾನು ಒಂದೂ ತಮಾಷೆ ಮಾಡಲಿಲ್ಲ. ಅವರಿಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಅದಕ್ಕೇ.

“ಏನ್ರೇ ಇದು, ಸತ್ತ ಮನಿಗೆ ಬಂದಂಗ ಕೂತೀರಿ?”

ಅಖ್ತರ್ ಬಾನು ತಡೆಯಲಾರದೆ ಹೇಳಿಬಿಟ್ಟಳು. “ಅಕ್ಕ, ನೀವು ಅಳ್ಸಿದ್ದು ನಿಮ್ಮ ಫೋನ್ನಾಗ ಅಷ್ಟೇ. ನಮ್ಮೆಲ್ಲರ ಹತ್ರ ಐತೆ.”

ಶಕುಂತಲಮ್ಮ ಸೊಸೆಯ ಕಡೆ ತಿರುಗಿದರು. ಪೂಜಾ ತಲೆ ತಗ್ಗಿಸಿದಳು. “ಅವತ್ತೇ ಕೇಳಿದೆ ಅತ್ತಿ.”

“ಮಾಂತೇಶಂಗೆ?”

“ಅದು ನಿಮ್ಮ ಮಾತು. ನಾನ್ಯಾಕ ಹೇಳ್ಲಿ?”

“ಅಮ್ಮಾರ, ನೀವು ಹೂಂ ಅಂದ್ರೆ ಈಗ್ಲೇ ಎಲ್ಲರ ಫೋನಿಂದ್ಲೂ ತೆಗೀತೀನಿ,” ಎಂದಳು ಆಶಾರಾಣಿ. “ಗುಂಪಿನ ಯಜಮಾನಿಕೆ ನಂದೈತೆ, ತೆಗೀಬಹುದು.”

ಶಕುಂತಲಮ್ಮ ಮೆಟ್ಟಿಲಿಳಿದು ಹೋದರು. ಹಿಂದೆ ಹೊರಟ ಪೂಜಾಳನ್ನು ಅಖ್ತರ್ ಬಾನು ಸೆರಗು ಹಿಡಿದು ಕೂರಿಸಿದಳು. ಕೆಳಗೆ ಟೈಲರನ ಮಿಷನ್ನಿನ ಸದ್ದು. ಅವರು ಬಸ್‌ಸ್ಟಾಪಿನವರೆಗೆ ಹೋದರು, ಬಂದ ಬಸ್ಸನ್ನು ಹತ್ತಲಿಲ್ಲ, ಬಿಸಿಲಲ್ಲಿ ನಿಂತರು, ತಿರುಗಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತ ಹೇಳಿದರು:

“ನನ್ನ ಹತ್ರ ಇಲ್ಲಲ್ಲ ಅದು. ಹಾಕ್ರಿ, ನಾನೂ ಕೇಳ್ತೀನಿ.”

ಅಖ್ತರ್ ಬಾನುವಿನ ಮೊಬೈಲಿನಿಂದ, ಪರರ ಮನೆಯಿಂದ ಕೇಳಿಬರುವಂತೆ, ಒಬ್ಬ ಹೆಂಗಸಿನ ದನಿ ಬಂತು. ಶಕುಂತಲಮ್ಮ ನಿಂತೇ ಕೇಳಿದರು. ‘ಜನ ತುತ್ತು ನೋಡಿದ್ರು’ ಎಂಬಲ್ಲಿಗೆ ದನಿ ನಿಂತಾಗ, “ಈಯಮ್ಮ ಸುಳ್ಳು ಹೇಳ್ತಿಲ್ಲ,” ಎಂದರು. ಆಮೇಲೆ ಚಾಪೆಯ ಮೇಲೆ ಕೂತು, “ತೆಗೀಬ್ಯಾಡ್ರಿ,” ಎಂದರು.

ಸ್ಮರಣೆಗೆ ಇನ್ನೆರಡು ದಿನವಿರುವಾಗ ಅವರು ಅದನ್ನೇ ವಿಡಿಯೋ ಮಾಡಿದರು: ಮದುವೆಯ ಫೋಟೋ, ಗಂಡ ಜಗಲಿಯ ಮೇಲೆ ಕೂತ ಫೋಟೋ, ಕೊನೆಗೆ ತಮ್ಮ ಬಲಗೈ. ಊರಿಗೆ ತೋರಿಸಲಲ್ಲ; ಮಗನೊಬ್ಬನಿಗೆ ಕಳಿಸಿದರು. ಮಹಾಂತೇಶ ಅಂಗಡಿ ಬಿಟ್ಟು ಮಟಮಟ ಮಧ್ಯಾಹ್ನ ಮನೆಗೆ ಬಂದ.

“ಏನವ್ವ ಇದು? ಹೋದೋರ ಮೇಲೆ ಹಿಂಗ ಹೇಳ್ತಾರಾ? ತಿರುಗಿ ಮಾತಾಡಾಕ ಅವರೈದಾರಾ?”

“ಇದ್ದಾಗ ನಾನು ಮಾತಾಡಾಕ ಆಗ್ತಿತ್ತೇನಪ್ಪ?”

“ಜನಕ್ಕೆ ಏನು ತೋರಿಸ್ಲಿ ನಾನು?”

“ಹಾರ ಹಾಕಿದ ಫೋಟೋ ತೋರ್ಸು. ಅವರು ಮಾಡಿದ ನ್ಯಾಯ ಹೇಳಿಸು, ಅದೂ ಸುಳ್ಳಲ್ಲ. ನನ್ನ ದನಿ ಮಾತ್ರ ಕೇಳಬ್ಯಾಡ.”

ಸ್ಮರಣೆ ನಡೆಯಿತು. ಪರದೆಯ ಮೇಲೆ ಬರೀ ಫೋಟೋಗಳು ಹೋದವು. ಹೊಗಳಿಕೆಯ ಮಾತುಗಳ ನಡುವೆ ಶಕುಂತಲಮ್ಮ ಮುಂದಿನ ಸಾಲಿನಿಂದ ಎದ್ದು, ಪ್ರಸಾದದ ಪಂಕ್ತಿಯಲ್ಲಿ ನೀರು ಕೊಡಲು ಹೋದರು. ಮಗ ಅವರೊಡನೆ ಮಾತು ಬಿಟ್ಟ. ಒಂದೇ ಮನೆಯಲ್ಲಿ ಅನ್ನ ಬಡಿಸುವುದೂ ಉಣ್ಣುವುದೂ ಮೂಕವಾಗಿ ನಡೆದವು. ಹೇಳಿದ ಮೇಲೆ ಹಗುರವಾಗುತ್ತದೆ ಎನ್ನುತ್ತಾರಲ್ಲ, ಅವರಿಗೆ ಹಾಗಾಗಲಿಲ್ಲ. ಗಂಡನ ಫೋಟೋಗೆ ಹೂವಿಡುವಾಗ, ತಪ್ಪಾಯಿತೇನೋ ಎನ್ನಿಸುತ್ತಿತ್ತು. ಹೂವಿಡುವುದನ್ನು ಬಿಡಲಿಲ್ಲ.

ಎಷ್ಟೋ ದಿನಗಳ ಮೇಲೆ, ಅವರು ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದಾಗ ಮಹಾಂತೇಶ ಬಂದು ಕಟ್ಟೆಯ ಮೇಲೆ ಕೂತ.

“ಅವ್ವ, ಆವಾಗ ನಾನಿದ್ನಾ?”

“ಇದ್ದೆ.”

“ಎಲ್ಲಿ?”

“ನನ್ನ ಇನ್ನೊಂದು ಕೈಯಾಗ.”

ಅವನು ಎದ್ದು ಹೋಗಲಿಲ್ಲ.

ಇಂಥ ಹೆಂಗಸರು ನಮ್ಮ ಓಣಿ ಓಣಿಯಲ್ಲೂ ಇದ್ದಾರೆ. ನೆಮ್ಮದಿ ಸಿಕ್ಕೀತೆಂದು ಅವರು ಬಾಯಿ ತೆರೆಯುವುದಿಲ್ಲ. ನೆಮ್ಮದಿ ಎಂದು ಎಲ್ಲರೂ ಹೆಸರಿಟ್ಟಿದ್ದು ನೆಮ್ಮದಿಯಲ್ಲ ಎಂದು ಒಂದು ದಿನ ತಡೆಯಲಾರದೆ ಹೇಳುತ್ತಾರೆ, ಹೇಳಿ ಮತ್ತಷ್ಟು ತಳಮಳಿಸುತ್ತಾರೆ. ಪ್ರೀತಿಯನ್ನೂ ಪೆಟ್ಟನ್ನೂ ಒಂದೇ ಕೈಯಿಂದ ಪಡೆದವರಿಗೆ ದ್ವೇಷಿಸುವ ಸುಖವೂ ಇಲ್ಲ, ಮರೆಯುವ ಸುಖವೂ ಇಲ್ಲ. ಅವರು ದೇವರ ಮುಂದೆ ಕೇಳಿಕೊಳ್ಳುವುದು ತೀರ ಸಣ್ಣದು: ನಡೆದದ್ದನ್ನು ನಡೆದಂತೆ ಹೇಳಿದಾಗ, ಎದುರಿಗಿದ್ದವರು ಎದ್ದುಹೋಗದಿರಲಿ.