ಬಿರುಕಿಗೆ ಇಟ್ಟ ಚುಕ್ಕೆಗಳು

ಉಮಾವತಿ ಪೆನ್ಸಿಲ್ಲಿನ ಮೊನೆಯನ್ನು ಉಸುಕಿನ ಕಾಗದದ ಮೇಲೆ ಉಜ್ಜುತ್ತಿದ್ದಾಗ ಏಕನಾಥರಾಯರು ಚಪ್ಪಲಿ ಬಿಡದೆ ಸ್ಟುಡಿಯೋದೊಳಗೆ ಬಂದರು.

“ಕಾಡಪ್ಪ, ನಮ್ಮ ವಾಡೆದ ಫೋಟೋ ತೆಗಿ ಅಂದ್ರ ಬಿರುಕಿನ ಫೋಟೋ ತೆಗದೀಯಲ್ಲೋ!”

ಮನೆಮಾತು ಮರಾಠಿಯಾದರೂ ಧಾರವಾಡದಲ್ಲಿ ಓದಿದ್ದ ರಾಯರಿಗೆ ಸಿಟ್ಟು ಬಂದಾಗ ಕನ್ನಡ ಚೆನ್ನಾಗಿ ಬರುತ್ತಿತ್ತು.

ಉಮಾವತಿಯ ಗಂಡ ಕಾಡಪ್ಪ ತಲೆ ಕೆರೆದುಕೊಂಡ. ತೊಲೆಗಳ ತುದಿಯ ಕೆತ್ತನೆ ಎದ್ದು ಕಾಣಲೆಂದು ಅವನು ಬೆಳಗಿನ ಓರೆ ಬಿಸಿಲಿಗೆ ಕಾದು ಕೂತಿದ್ದ. ಕೆತ್ತಿದ ಗಿಳಿಗಳ ಕೊಕ್ಕುಗಳು ಸಹ ಮೂಡಿದ್ದವು. ಅದೇ ಬಿಸಿಲು ಮಾಳಿಗೆಯ ಗೋಡೆಯ ಬಿರುಕನ್ನೂ ಅಷ್ಟೇ ಮುತುವರ್ಜಿಯಿಂದ ಎತ್ತಿ ತೋರಿಸಿತ್ತು.

“ಏನ್ ಮಾಡ್ಲಿರಿ ರಾಯರ, ನಿಂತಿದ್ದೆಲ್ಲಾ ಬರ್ತದ. ಓಡಾಡೂದು ಬರೂದಿಲ್ಲ, ಅಷ್ಟೊತ್ತು ಲೆನ್ಸು ತೆರದಿಡ್ತೀವಿ. ಭೋರ ಸಂಸ್ಥಾನದಾಗ ಅರಮನಿ ತೆಗಿಯೂಮುಂದ ಒಂದು ಆನಿ ಅಡ್ಡ ಹಾದು ಹೋತು. ಪ್ಲೇಟಿನ್ಯಾಗ ನೋಡ್ತೀನಿ, ಆನಿ ಇಲ್ಲ! ಲದ್ದಿ ಅಷ್ಟ ಬಂದಿತ್ತು. ಅದು ನಿಂತಲ್ಲೇ ಇತ್ತಲ್ರಿ.”

ರಾಯರು ನಗಲಿಲ್ಲ.

“ಈ ಬಿರುಕು ನಿಂತಲ್ಲಿ ನಿಂತಿಲ್ಲ,” ಅಂದಳು ಉಮಾವತಿ, ತಲೆ ಎತ್ತದೆ. “ದಿನಾ ಬೆಳೀಲಿಕ್ಕತ್ತದ.”

ಅವಳಿಗೆ ಗೊತ್ತಿತ್ತು. ಆ ಗೋಡೆಯ ಹಿಂದಿನ ಮೇಲಂತಸ್ತಿನ ಖೋಲಿಯಲ್ಲಿ ಬಾಡಿಗೆಗೆ ಇದ್ದವರು ಅವರೇ. ಅತ್ತೆ ಶಿವಬಸವ್ವನ ಹಾಸಿಗೆ ಬಿರುಕಿನ ಬುಡದಲ್ಲೇ ಇತ್ತು.

ರಾಯರ ಆ ಹಳೆಯ ದೊಡ್ಡ ಮನೆಯನ್ನು, ವಾಡೆಯನ್ನು, ಮುಂಬಯಿಯ ವ್ಯಾಪಾರಿಯೊಬ್ಬ ಕೊಳ್ಳುವವನಿದ್ದ. ಬಂದು ನೋಡಲು ಪುರಸತ್ತಿಲ್ಲವೆಂದು ಫೋಟೋ ಕೇಳಿದ್ದ. ಯುದ್ಧದ ದೆಸೆಯಿಂದ ಹೊಸ ಗಾಜಿನ ಪ್ಲೇಟು ಸಿಗುತ್ತಿರಲಿಲ್ಲ, ಇದ್ದುದನ್ನೇ ತಿದ್ದಬೇಕು. ತಿದ್ದುವುದು ಉಮಾವತಿಯ ಕೆಲಸ. ಮದುಮಕ್ಕಳ ಮುಖದ ಸಿಡುಬಿನ ಕಲೆ ಮುಚ್ಚಿ ಮುಚ್ಚಿ ಅವಳ ಕಣ್ಣ ಕೆಳಗೇ ಕಪ್ಪು ಕೂತಿತ್ತು.

“ಮಳಿಗಾಲದೊಳಗ ಗೋಡಿ ಕಟ್ಟಸ್ತೀನಿ ಅಂದಿದ್ರಿ.”

“ಕೊಂಡಾವ ಕಟ್ಟಸ್ತಾನ, ಬಿಡವ್ವಾ.”

“ಫೋಟೋದಾಗ ಕಾಣಲಿಲ್ಲಂದ್ರ ಅವರ್‍ಯಾಕ ಕಟ್ಟಸ್ತಾರ್‍ರಿ?”

“ನಿಮಗ ಖೋಲಿ ಬೇಕೋ ಬ್ಯಾಡೋ?” ರಾಯರು ಬಾಗಿಲಿಗೆ ಹೋಗಿ ನಿಂತರು. “ಸಂಜಿಗೆ ಆಳನ್ನ ಕಳಸ್ತೀನಿ. ಫೋಟೋ ತಯಾರಿರಲಿ.”

ಅವರು ಹೋದ ಮೇಲೆ ಕಾಡಪ್ಪ ಬಹಳ ಹೊತ್ತು ಕ್ಯಾಮೆರಾದ ಕರಿ ಬಟ್ಟೆಯನ್ನು ಮಡಚಿದ, ಬಿಚ್ಚಿದ. “ಎಲ್ಲೆ ಹೋಗೂದು ಹೇಳು, ಅವ್ವನ್ನ ಕಟಗೊಂಡು? ತಿದ್ದಿಬಿಡು.”

ಉಮಾವತಿ ಪ್ಲೇಟನ್ನು ಓರೆ ಚೌಕಟ್ಟಿಗೆ ಸಿಕ್ಕಿಸಿ, ಕೆಳಗಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಪ್ಲೇಟಿನಲ್ಲಿ ಎಲ್ಲ ಉಲ್ಟಾ. ಕರಿ ಬಿರುಕು ಅಲ್ಲಿ ಬಿಳಿ ದಾರವಾಗಿತ್ತು. ಗೆರೆ ಎಳೆದರೆ ತಿದ್ದಿದ್ದು ಸಿಕ್ಕಿಬೀಳುತ್ತದೆ. ಚುಕ್ಕೆಯ ಪಕ್ಕ ಚುಕ್ಕೆ ಇಡುತ್ತ ಮೇಲಿನಿಂದ ಇಳಿದಳು. ಬುಡದ ಹತ್ತಿರ ಕೈ ನಿಂತಿತು. ಅಲ್ಲೊಂದು ಕರಿ ಗಂಟು. ಗಾಳಿ ಬರದಿರಲೆಂದು ಅವಳೇ ಬಿರುಕಿಗೆ ತುರುಕಿದ್ದ ಬಿಳಿ ಚಿಂದಿ, ಹಳೆಯ ಸೀರೆಯದು. ಆ ಕಪ್ಪು ಪೆನ್ಸಿಲ್ಲಿಗೆ ಹೋಗುವಂಥದ್ದಲ್ಲ. ಚಾಕುವಿನ ಮೊನೆಯಿಂದ ಮೆಲ್ಲಗೆ ಕೆರೆದಳು.

ಮಧ್ಯಾಹ್ನ ಕಾಡಪ್ಪ ಒಣಗಿದ ಫೋಟೋ ಹಿಡಿದು ನೋಡಿದ. “ಅಬಬ! ಗೌಂಡಿಗಿಂತ ನೀನ ವಾಸಿ ನೋಡು. ಸುಣ್ಣ ಬ್ಯಾಡ, ಇಟ್ಟಂಗಿ ಬ್ಯಾಡ!”

ಉಮಾವತಿ ಚಾಕು ಎತ್ತಿಟ್ಟು ಮನೆಗೆ ಹೋದಳು. ಹೋದವಳೇ ಅತ್ತೆಯ ಹಾಸಿಗೆಯನ್ನು ಒಲೆಯ ಕಡೆಗೆ ಎಳೆಯತೊಡಗಿದಳು.

“ಏ, ಏನ್ ನಡಿಸೀಯ?” ಶಿವಬಸವ್ವ ಕೋಲು ಕುಟ್ಟಿದಳು. “ಹೊಗಿಯಾಗ ಮಲಗಸ್ತೀಯೇನ ನನ್ನ?”

“ಅಲ್ಲೆ ಗಾಳಿ ಭಾಳ ಬರ್ತದರಿ, ಅತ್ತಿ.”

“ಇಷ್ಟ ದಿನಾ ಬಂದಿರಲಿಲ್ಲೇನು?”

ಹಾಸಿಗೆ ಸರಿದ ಜಾಗದಲ್ಲಿ ಸುಣ್ಣದ ಪುಡಿ ಬಿದ್ದಿತ್ತು. ಚಿಂದಿ ಸಡಿಲಾಗಿ ಜೋತಾಡುತ್ತಿತ್ತು. ಉಮಾವತಿ ಕೂತು ಅದನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿದಳು. ಅದು ಎಲ್ಲೂ ಸಿಕ್ಕಿಕೊಳ್ಳದೆ ಆಚೆಗೆ ಜಾರಿ ಬೀದಿಗೆ ಬಿತ್ತು. ಸಂದಿನಲ್ಲಿ ಕೆಳಗೆ ಟಾಂಗಾವೊಂದು ಹಾದುಹೋಗುವುದು, ಕುದುರೆಯ ಕಿವಿಗಳ ಸಮೇತ, ಕಾಣಿಸಿತು.