ಅಳತೆಗೆ ನಿಂತವಳು

ವೈದ್ಯರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತ ಅಕ್ಕ ಕೈಚೀಲದಿಂದ ಪೌಡರ್ ಡಬ್ಬಿ ತೆಗೆಯುವುದಕ್ಕೂ ತಂಗಿ ಅದನ್ನು ಕಿತ್ತುಕೊಳ್ಳುವುದಕ್ಕೂ ಸರಿಹೋಯಿತು.

"ಮುಖ ಸುಟ್ಟ ಬದನೆಕಾಯಿ ಥರ ಆಗಿದೆ. ಹೀಗೇ ಹೋಗ್ಲಾ ಒಳಗೆ?"

"ಹೀಗೇ ಹೋಗು. ಡಾಕ್ಟ್ರಿಗೆ ಬೇಕಾಗಿರೋದು ಈ ಮುಖಾನೇ."

ತಂಗಿಗೆ ಇದೆಲ್ಲ ಅರೆದು ಕುಡಿದ ವಿದ್ಯೆ. ನಿವೃತ್ತಿಯಾಗುವ ತನಕ ಇದೇ ಆಸ್ಪತ್ರೆಯ ಫೋನಿನ ಮುಂದೆ ಕೂತು, ಮಾರನೇ ದಿನ ಬರಬೇಕಾದ ರೋಗಿಗಳಿಗೆ ಕರೆ ಮಾಡುತ್ತಿದ್ದವಳು: ಖಾಲಿ ಹೊಟ್ಟೆಯಲ್ಲಿ ಬನ್ನಿ, ನುಂಗುವ ಮಾತ್ರೆಗಳನ್ನೆಲ್ಲ ತನ್ನಿ, ಉಗುರಿಗೆ ಬಣ್ಣ ಬೇಡ, ತೋಳು ಸಡಿಲವಿರುವ ಬಟ್ಟೆ ತೊಡಿ. ಊರಿಗೆಲ್ಲ ಬುದ್ಧಿ ಹೇಳಿದವಳ ಮನೆಯಲ್ಲೇ ಅಕ್ಕ ತನ್ನದೇ ದಾರಿ ಹಿಡಿದಿದ್ದಳು. ದೀಪದ ಕೆಳಗೆ ಕತ್ತಲೆ ಅನ್ನುವುದು ಇದಕ್ಕೇ.

ಅಕ್ಕನೂ ಸುಮ್ಮನೆ ಹೊರಡುವವಳಲ್ಲ. ವೈದ್ಯರ ದಿನ ಹತ್ತಿರ ಬಂತೆಂದರೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಉಪ್ಪು ಬಿಟ್ಟು, ಮಾತ್ರೆ ತಪ್ಪಿಸದೆ ನುಂಗಿ, ಮದುವಣಗಿತ್ತಿಯಂತೆ ಸಿಂಗರಿಸಿಕೊಂಡು ಬರುವಳು. ವೈದ್ಯರು ರಕ್ತದೊತ್ತಡ ನೋಡಿ ಶಹಭಾಸ್ ಎಂದು ಕಳಿಸುವರು. ವಾರ ಕಳೆಯುವುದರೊಳಗೆ ಮತ್ತೆ ಅದೇ ಏದುಸಿರು, ಅದೇ ಊದಿದ ಕಾಲು. ಹೀಗೇ ಬಿಟ್ಟರೆ ಅಕ್ಕ ಕೈತಪ್ಪಿ ಹೋಗುತ್ತಾಳೆ ಎಂದು ತಂಗಿಗೆ ಭಯ; ಅದಕ್ಕೇ ಇವತ್ತು ಸಿಂಗಾರಕ್ಕೆ ಬಿಡದೆ ಕರೆತಂದಿದ್ದಳು.

"ಅಳತೆ ಕೊಡೋಕೆ ಬಂದೋರಿಗೆ ನೀನು ಏನ್ ಹೇಳ್ತಿದ್ದೆ, ನೆನಪಿದ್ಯಾ ಅಕ್ಕ?"

ಅಕ್ಕನ ಮುಖ ಅರಳಿತು. ಆಹಾ, ಎಂಥ ಕಾಲ ಅದು! ಬೀದಿಗೆ ಬಾಗಿಲು ತೆರೆದ ಅವಳ ಪುಟ್ಟ ಅಂಗಡಿ, ನೆಲದ ತುಂಬ ಬಟ್ಟೆಯ ಚೂರು, ಇಸ್ತ್ರಿಯ ಬಿಸಿ ವಾಸನೆ. ಶಾಲೆ ಮುಗಿಸಿ ಬಂದ ತಂಗಿ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು. ಅಕ್ಕ ಕೊರಳಿಗೆ ಟೇಪು ಹಾಕಿಕೊಂಡು ಎದುರು ನಿಂತರೆ ಎಂಥ ಗಟ್ಟಿಗಿತ್ತಿಯೂ ಹೊಟ್ಟೆ ಒಳಗೆಳೆದುಕೊಳ್ಳುವಳು. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

"ಉಸಿರು ಬಿಟ್ಟು ನಿಲ್ರಮ್ಮ. ಟೇಪಿಗೆ ಮೋಸ ಮಾಡ್ಬಹುದು, ನಾಳೆ ಹಾಕ್ಕೊಂಡು ಒದ್ದಾಡೋರು ನೀವೇ ಅಲ್ವಾ?"

ಹಳೆಯ ಧಾಟಿಯಲ್ಲೇ ಹೇಳಿ ಅಕ್ಕ ನಕ್ಕಳು. ನಗು ಅರ್ಧಕ್ಕೇ ಕೆಮ್ಮಾಯಿತು. ಆಮೇಲೆ ಪೌಡರ್ ಡಬ್ಬಿ ಕೇಳಲಿಲ್ಲ.

ಒಳಗೆ ವೈದ್ಯರು ಎಂದಿನಂತೆ ಹೇಗಿದ್ದೀರಿ ಎಂದರು. ಚೆನ್ನಾಗಿದ್ದೇನೆ ಎನ್ನಲು ಬಾಯಿ ತೆರೆದ ಅಕ್ಕ ತಡೆದುಕೊಂಡಳು. ತಂಗಿಯ ಕಡೆ ನೋಡದೆ ಹೇಳಿದಳು:

"ಮಲಗಿದ್ರೆ ಉಸಿರು ಕಟ್ಟತ್ತೆ ಡಾಕ್ಟ್ರೇ. ಎಷ್ಟೋ ತಿಂಗಳಾಯ್ತು, ಗೋಡೆಗೆ ಒರಗಿ ಕೂತೇ ರಾತ್ರಿ ಕಳೀತಿದೀನಿ. ಇವಳಿಗೆ ಗೊತ್ತಿಲ್ಲ."

ಪಕ್ಕದ ಕೋಣೆಯಲ್ಲಿ ದೀಪ ಕಂಡಾಗಲೆಲ್ಲ, ಇವಳಿಗಿನ್ನೂ ಹೊಲಿಗೆಯ ಹುಚ್ಚು ಬಿಟ್ಟಿಲ್ಲ ಎಂದು ಗೊಣಗಿ ಮಗ್ಗುಲು ಬದಲಿಸಿದವಳು ತಂಗಿ.

ವೈದ್ಯರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಬಹಳ ಹೊತ್ತು ಎದೆ, ಬೆನ್ನು ಆಲಿಸಿದರು. ಕಾಲು ಒತ್ತಿ ನೋಡಿ, ಇವತ್ತೇ ಸ್ಕ್ಯಾನ್ ಆಗಲಿ, ಇಲ್ಲೇ ದಾಖಲಾಗಿ ಎಂದರು.

ಹೊರಗೆ ಬಂದಾಗ ಅಕ್ಕ ಸ್ವಲ್ಪ ಕೂರೋಣವಾ ಎಂದಳು. ಅವಳು ಹಾಗೆ ಕೇಳಿದ್ದು ಅದೇ ಮೊದಲು. ತಂಗಿ ಕೈಚೀಲವನ್ನು ತನ್ನ ಮಡಿಲಿಗೆ ತೆಗೆದುಕೊಂಡು ಬೆಂಚಿನಲ್ಲಿ ಜಾಗ ಮಾಡಿದಳು. ಹಾಡಹಗಲು, ಅಷ್ಟು ಜನರ ನಡುವೆ, ಅಕ್ಕ ತಂಗಿಯ ಹೆಗಲಿಗೆ ತಲೆಯಾನಿಸಿ ಕೂತಲ್ಲೇ ನಿದ್ದೆಹೋದಳು. ತಂಗಿ ಅಲುಗಾಡಲಿಲ್ಲ.