ಮೊಂಡಿಗೆ ಒಪ್ಪಿದ ಎಣ್ಣೆ

"ಇನ್ನೊಂದ್ಸಲ ಎಳಿ ನೋಡೋಣ," ಎಂದ ಸಾರೋಟಿನ ಮಾಲೀಕ.

ಲಾಳದವನು ಕಡಿವಾಣಕ್ಕೆ ಕೈಹಾಕಿ ಎಳೆದ. ಕುದುರೆ ಕತ್ತನ್ನು ಉದ್ದ ಮಾಡಿತೇ ಹೊರತು ಕಾಲು ಕೀಳಲಿಲ್ಲ. ಹಿಂದಿನಿಂದ ಇಬ್ಬರು ಚಕ್ರಕ್ಕೆ ಹೆಗಲು ಕೊಟ್ಟರು. ಸಾರೋಟು ಒಂದಿಷ್ಟು ಮುಂದಕ್ಕೆ ಹೊರಳಿ, ಕುದುರೆಯ ತೊಡೆಗೆ ತಾಗಿ, ಮತ್ತೆ ಇದ್ದಲ್ಲಿಗೇ ಬಂದು ನಿಂತಿತು. ಗಾಜಿನೊಳಗೆ ಪೆಟ್ಟಿಗೆಯ ಮೇಲಿಟ್ಟಿದ್ದ ಹೂಗುಚ್ಛವೊಂದು ಜಾರಿ ಬಿತ್ತು.

ಮನೆಯ ಮೆಟ್ಟಿಲ ಮೇಲೆ ನಿಂತಿದ್ದ ಟೈಲರಮ್ಮ ಒಂದು ಮೆಟ್ಟಿಲು ಕೆಳಗಿಳಿದಳು. ಆ ಪೆಟ್ಟಿಗೆಯಲ್ಲಿದ್ದವನು ಅವಳ ಗಂಡ. ಊರಿಗೆಲ್ಲ ಆತ ಸಾರೋಟಿನಣ್ಣ. ಸತ್ತವರನ್ನು ಸ್ಮಶಾನಕ್ಕೆ ಒಯ್ಯುವ ಈ ಕಪ್ಪು ಸಾರೋಟನ್ನು ಓಡಿಸಿಯೇ ಕೂದಲು ಹಣ್ಣು ಮಾಡಿಕೊಂಡಿದ್ದ. ದೊಡ್ಡವರು, ಚಿಕ್ಕವರು, ಯಾರ ಸಾವಾದರೂ ಸರಿ, ಟೋಪಿ ತೊಟ್ಟು ನೆಟ್ಟಗೆ ಕೂತು ಹೋಗುತ್ತಿದ್ದ. ಮೊನ್ನೆ ಲಾಯದಲ್ಲಿ ಹುಲ್ಲಿನ ಹೊರೆಗೆ ಒರಗಿ ಕೂತವನು ಮತ್ತೆ ಏಳಲಿಲ್ಲ. ತನಗೆಂದು ಆತ ಕೇಳಿದ್ದು ಬಹಳ ಕಡಿಮೆ. ಕೇಳಿದ್ದರಲ್ಲಿ ಒಂದು, ಕೊನೆಗೆ ತನ್ನನ್ನು ಈ ಕುದುರೆ, ಮೊಂಡಿಯೇ, ಎಳೆದುಕೊಂಡು ಹೋಗಬೇಕು ಎಂಬುದು. ಆ ಮೊಂಡಿ ಈಗ ನಾಲ್ಕೂ ಕಾಲನ್ನು ನೆಲಕ್ಕೆ ನೆಟ್ಟು ನಿಂತಿತ್ತು. ಜಪ್ಪಯ್ಯ ಅಂದರೂ ಕದಲುವ ಲಕ್ಷಣವಿರಲಿಲ್ಲ.

"ತಾಯಿ, ವ್ಯಾನ್ ಕರೆಸಿಬಿಡ್ತೀನಿ," ಎಂದ ಮಾಲೀಕ. "ಬೇಗ ಬರತ್ತೆ. ಜನ ಎಷ್ಟೂಂತ ನಿಂತ್ಕೋತಾರೆ?"

"ವ್ಯಾನ್ ಬೇಡ."

"ಹೀಗೆ ಹಠ ಹಿಡಿದ್ರೆ ಹೇಗೆ?"

"ಹಠ ನಂದಲ್ಲ, ಅವರದ್ದು. ಇದ್ದಾಗ ಅವರ ಯಾವ ಆಸೇನೂ ನಡೆಸ್ಕೊಡ್ಲಿಲ್ಲ ನಾನು. ಇದೊಂದು ನಡೀಲಿ ಬಿಡಿ."

ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ ಗಂಡನ ತಂಗಿ ಪಕ್ಕಕ್ಕೆ ಬಂದಳು. "ಅತ್ತಿಗೆ, ಅಣ್ಣ ಏನೋ ಎಣ್ಣೆ ಇಟ್ಕೊಂಡಿದ್ದನಲ್ಲ? ಅದನ್ನ ಹಚ್ಚಿ ನೋಡಬಾರ್ದಾ?"

ಲಾಳದವನು ಕಡಿವಾಣ ಬಿಟ್ಟು ಹಣೆ ಚಚ್ಚಿಕೊಂಡ. "ಅಯ್ಯೋ, ಹೌದಲ್ಲ! ಲ್ಯಾವೆಂಡರು! ಹೂಡೋಕೆ ಮುಂಚೆ ಅಣ್ಣ ಅದರಲ್ಲೇನೋ ಮಾಡ್ತಿದ್ದ. ತರ್ತೀನಿ ಇರಿ."

ಅವನು ಬೀದಿಯ ಕೊನೆಯಲ್ಲಿದ್ದ ಲಾಯದ ಕಡೆಗೆ ಓಡಿದ. ಟೈಲರಮ್ಮನ ಮುಖ ಗಂಟಿಕ್ಕಿತು. ಗಂಡ ಸತ್ತ ಮೇಲೂ ಆ ಬಾಟಲಿಗಳ ಕಾಟ ತಪ್ಪಲಿಲ್ಲವಲ್ಲ ಎಂದುಕೊಂಡಳು.

*

ಮೊಂಡಿ ಮೊದಲು ಮದುವೆಯ ಗಾಡಿ ಎಳೆಯುತ್ತಿದ್ದ ಕುದುರೆ. ಬ್ಯಾಂಡಿಗೂ ಪಟಾಕಿಗೂ ಹೆದರದ ಅದು, ಸಾವಿನ ಮನೆಯ ಮುಂದೆ ನಿಲ್ಲಿಸಿದರೆ ಸಾಕು, ಬೆವತು ಹೋಗುತ್ತಿತ್ತು. ಪೆಟ್ಟಿಗೆಯ ವಾರ್ನಿಶು, ಆಸ್ಪತ್ರೆಯ ಔಷಧಿ, ಬಾಡಿದ ಹೂವು ಎಲ್ಲ ಸೇರಿದ ಆ ವಾಸನೆ ಅದಕ್ಕೆ ಆಗಿಬರುತ್ತಿರಲಿಲ್ಲ. ಮೊದಲನೆಯ ಸಲ ಹೂಡಿದಾಗಲೇ ಒಬ್ಬ ಮೇಷ್ಟರ ಪೆಟ್ಟಿಗೆಯನ್ನು ಹೇರಿಕೊಂಡು ಮಾರ್ಕೆಟ್ಟಿನವರೆಗೆ ಓಡಿಬಿಟ್ಟಿತ್ತು. ಬದುಕಿದ್ದಾಗ ಬಸ್ಸು ಹಿಡಿಯಲಿಕ್ಕೂ ಓಡದಿದ್ದ ಮೇಷ್ಟರು ಹೀಗೆ ಓಡಿದರಲ್ಲ ಎಂದು ಊರೆಲ್ಲ ನಕ್ಕಿತು. ಮಾಲೀಕ ಮಾತ್ರ ನಗಲಿಲ್ಲ. ಕಸಾಯಿಯವನಿಗೆ ಹೇಳಿ ಕಳಿಸುತ್ತೇನೆ ಎಂದ.

"ಸ್ವಲ್ಪ ದಿನ ನನಗೆ ಬಿಡಿ," ಎಂದು ಸಾರೋಟಿನಣ್ಣ ಕೈಮುಗಿದ.

ದಾರಿ ತೋರಿಸಿದವನು ಲಾಳದವನೇ. ಅವನು ಲಾಳ ಕಟ್ಟಲು ಹೋಗುತ್ತಿದ್ದ ಸವಾರಿ ಶಾಲೆಯಲ್ಲಿ ಒಬ್ಬ ಮೇಡಂ ಕುದುರೆಗಳಿಗೆ ಸುಗಂಧದ ಎಣ್ಣೆಗಳಿಂದ ಆರೈಕೆ ಮಾಡುವುದನ್ನು ಕಲಿಸುತ್ತಿದ್ದಳು. ಕುದುರೆ ಮೂಗಿನಲ್ಲೇ ಯೋಚನೆ ಮಾಡುತ್ತದಂತೆ ಎಂದು ಲಾಳದವನು ತಮಾಷೆಗೆ ಹೇಳಿದ್ದನ್ನು ಸಾರೋಟಿನಣ್ಣ ತಮಾಷೆಯೆಂದು ತಿಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿಕೊಂಡು ಹೊರಟ. ಸ್ವಂತ ಕುದುರೆ ಇದ್ದ, ಮೊಣಕಾಲಿನವರೆಗೆ ಬೂಟು ತೊಟ್ಟ ಹುಡುಗಿಯರ ಹಿಂದಿನ ಬೆಂಚಿನಲ್ಲಿ ಮುದುಡಿ ಕೂತು ಬಂದ. ಮನೆಗೆ ಬಂದು, ಹೊಲಿಗೆ ಯಂತ್ರದ ಸದ್ದಿನ ನಡುವೆ, ಕಲಿತದ್ದನ್ನು ಮಗ್ಗಿಯ ಹಾಗೆ ಒಪ್ಪಿಸಿಕೊಳ್ಳುತ್ತಿದ್ದ.

"ಲ್ಯಾವೆಂಡರು ಭಯಕ್ಕೆ. ಪುದೀನ ಮೂಗು ಕಟ್ಟಿದ್ದಕ್ಕೆ. ನಿಂಬೆಹುಲ್ಲು ನೊಣಕ್ಕೆ."

"ಹೆಂಡತಿಯ ತಲೆನೋವಿಗೆ ಏನೂಂತ ಹೇಳಿದ್ರು?" ಎಂದು ಟೈಲರಮ್ಮ ಯಂತ್ರ ನಿಲ್ಲಿಸದೆ ಕೇಳಿದ್ದಳು.

"ಆ ಪಾಠ ಇನ್ನೂ ಬಂದಿಲ್ಲ."

ಮೊದಲ ಪ್ರಯೋಗದಲ್ಲೇ ಎಡವಟ್ಟಾಯಿತು. ಸ್ವಲ್ಪ ಹಾಕಿದರೆ ಸ್ವಲ್ಪ ಗುಣ, ಪೂರ್ತಿ ಹಾಕಿದರೆ ಪೂರ್ತಿ ಗುಣ ಎಂದು ಲೆಕ್ಕ ಹಾಕಿ, ಪುದೀನ ಎಣ್ಣೆಯನ್ನು ಬಟ್ಟೆಗೆ ಸುರಿದು ಕುದುರೆಯ ಮೂಗಿನ ಹತ್ತಿರ ಕಟ್ಟಿದ್ದ. ಮೊಂಡಿ ಸೀನಿ ಸೀನಿ ಬಕೆಟ್ಟನ್ನು ಒದ್ದು ಚಪ್ಪಟೆ ಮಾಡಿತು. ಮೇಡಂ ಹುಡುಗಿಯರ ಮುಂದೆಯೇ ಬೈದಳು. ಒಂದು ಚಮಚ ಬಾದಾಮಿ ಎಣ್ಣೆಗೆ ಒಂದು ತೊಟ್ಟು ಸಾಕು. ಅದನ್ನೂ ತಾನಾಗಿ ಹಚ್ಚುವಂತಿಲ್ಲ. ಅಂಗೈಗೆ ಸವರಿಕೊಂಡು, ಕೈ ಚಾಚಿ, ದೂರ ನಿಲ್ಲಬೇಕು. ಬೇಕಿದ್ದರೆ ಕುದುರೆಯೇ ಬರುತ್ತದೆ. ಮುಖ ತಿರುಗಿಸಿದರೆ ಅದು ಅದರ ಎಣ್ಣೆ ಅಲ್ಲ ಎಂದು ತಿಳಿದು ಹಿಂದೆ ಸರಿಯಬೇಕು.

ಬಹಳ ದಿನ ಕೈಚಾಚಿ ನಿಂತ ಮೇಲೆ ಮೊಂಡಿಗೆ ಲ್ಯಾವೆಂಡರು ಒಪ್ಪಿತು. ಸಾವಿನ ಮನೆಯ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ಕಲಿಯಿತು. ಮಾಲೀಕ ಕಸಾಯಿಯವನ ಮಾತೆತ್ತುವುದನ್ನು ಬಿಟ್ಟ. ಬೀದಿಯ ಹೆಂಗಸರು ಮಾತ್ರ ಬಿಡಲಿಲ್ಲ.

"ನಿಮ್ಮೆಜಮಾನ್ರು ಈಚೆಗೆ ಘಮ್ ಅಂತಿರ್ತಾರಲ್ಲ ಟೈಲರಮ್ಮ, ಎಲ್ಲಿಂದ ಬರ್ತಾರೆ?"

"ಇನ್ನೆಲ್ಲಿಂದ? ಕುದುರೆ ಹತ್ರದಿಂದ."

"ಕುದುರೆಗೆ ನಾಲ್ಕು ಕಾಲೋ, ಎರಡೋ?"

ನಗುತ್ತಲೇ ರವಿಕೆಯ ಅಳತೆ ಕೊಟ್ಟು ಹೋದರು. ಟೈಲರಮ್ಮ ಆ ಹೊತ್ತು ಒಂದು ತೋಳನ್ನು ತಿರುಗುಮುರುಗು ಹೊಲಿದು ಪೂರ್ತಿ ಬಿಚ್ಚಬೇಕಾಯಿತು.

*

ಲಾಳದವನು ಏದುಸಿರು ಬಿಡುತ್ತ ಬಂದ. ಬಾಟಲಿಯ ಮುಚ್ಚಳ ತೆಗೆದು ಚಿಂದಿಯ ಮೇಲೆ ಬಗ್ಗಿಸಿ, ಕುದುರೆಯ ಕತ್ತು, ಎದೆ, ಕಡಿವಾಣದ ಪಟ್ಟಿ ಎಲ್ಲಕ್ಕೂ ತಿಕ್ಕಿದ. ಉಳಿದದ್ದನ್ನು ತನ್ನ ತೋಳಿಗೂ ಬಳಿದುಕೊಂಡ.

ಮೊಂಡಿಯ ಕಿವಿ ನಿಮಿರಿತು. ಗಂಟಲೊಳಗೇ ಸಣ್ಣಗೆ ಸದ್ದು ಮಾಡಿ, ಲಾಳದವನ ತೋಳಿಗೆ ಮೂಗು ತಂದಿತು.

"ನೋಡಿದ್ರಾ?" ಎಂದ ಲಾಳದವನು ಬೀಗುತ್ತ. "ಈಗ ಹೊರಡ್ತಾಳೆ."

ಗಾಳಿ ಮೆಟ್ಟಿಲ ಕಡೆಗೆ ಬೀಸಿತು. ಟೈಲರಮ್ಮನ ಮೂಗಿಗೂ ಅದು ಬಂತು. ಹಿಂದೆ ಇದನ್ನೇ ನಾತ ಎಂದಿದ್ದಳು. ಈಗ ಅಷ್ಟು ಕೆಟ್ಟದ್ದು ಎನ್ನಿಸಲಿಲ್ಲ.

*

ಒಮ್ಮೆ ಆತ ಮರೆತು ಹೋಗಿದ್ದ ಊಟದ ಡಬ್ಬಿ ಹಿಡಿದು ಅವಳು ಲಾಯಕ್ಕೆ ಹೋಗಿದ್ದಳು. ಗಂಡ ಭಿಕ್ಷೆ ಬೇಡುವವನ ಹಾಗೆ ಅಂಗೈ ಚಾಚಿಕೊಂಡು ಕುದುರೆಯ ಮುಂದೆ ನಿಂತಿದ್ದ. ಮೊಂಡಿ ಮೂಸಿ ನೋಡಿ ಗೋಡೆಯ ಕಡೆಗೆ ಮುಖ ತಿರುಗಿಸಿತು. ಆತ ಒಂದು ಹೆಜ್ಜೆ ಹಿಂದೆ ಸರಿದು, ಕೈ ಒರೆಸಿಕೊಂಡು, ಇನ್ನೊಂದು ಬಾಟಲಿ ತೆಗೆದ. ಸಿಡುಕಿಲ್ಲ, ಅವಸರವಿಲ್ಲ. ಕಡೆಗೆ ಲ್ಯಾವೆಂಡರಿಗೆ ಕುದುರೆ ತಾನಾಗಿ ಬಂದು ತುಟಿಯೆತ್ತಿ ಮೂಸಿತು. ಆತ ಅದನ್ನು ತನ್ನ ಕೈಗೂ ಕೋಟಿನ ತೋಳಿಗೂ ಸವರಿಕೊಂಡ.

"ಅದಕ್ಕೆ ಹಚ್ಚಲ್ವಾ?" ಎಂದಳು.

"ಬೇಡ. ನನ್ನ ಮೈಮೇಲಿದ್ರೆ ಸಾಕು ಅವಳಿಗೆ. ಹೂಡೋವಾಗ ಪಕ್ಕದಲ್ಲಿ ನಿಂತಿದ್ರೆ ಆಯ್ತು." ಆಮೇಲೆ ಕುದುರೆಯ ಕಡೆ ನೋಡುತ್ತ ಹೇಳಿದ: "ಇವತ್ತು ಬೇಡ ಅಂದಿದ್ದು ನಾಳೆ ಬೇಕು ಅನ್ನಿಸಬಹುದು ನೋಡು. ಅದಕ್ಕೇ ದಿನಾ ಕೇಳ್ತಿರ್ಬೇಕು."

ಟೈಲರಮ್ಮ ಊಟದ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. "ನನ್ನನ್ನ ಯಾವತ್ತಾದ್ರೂ ಹೀಗೆ ಕೇಳಿದ್ದೀರಾ?"

ಆ ಸಂಜೆ ಮನೆಗೆ ಬಂದವನು ಜೇಬಿನಿಂದ ಬಾಟಲಿಗಳನ್ನು ತೆಗೆದು ಹೊಲಿಗೆ ಯಂತ್ರದ ಹಲಗೆಯ ಮೇಲೆ ಸಾಲಾಗಿಟ್ಟ. ಒಂದನ್ನು ಅಂಗೈಗೆ ಸವರಿಕೊಂಡು ಅವಳ ಮುಂದೆ ಚಾಚಿದ. ನಾಚಿಕೊಂಡಿದ್ದ. ಅವಳ ಪಕ್ಕದಲ್ಲಿ ಮರುದಿನ ಕೊಡಬೇಕಾದ ಸ್ಕೂಲು ಯೂನಿಫಾರ್ಮುಗಳ ರಾಶಿಯಿತ್ತು. ಬೀದಿಯವರ ನಗು ಇನ್ನೂ ಕಿವಿಯಲ್ಲಿತ್ತು.

"ಥೂ, ನಾತ! ಆಚೆ ತಗೊಂಡ್ಹೋಗಿ ಇದನ್ನೆಲ್ಲ!" ಎಂದು ಮುಖ ತಿರುಗಿಸಿದಳು.

ಆತ ಹಿಂದೆ ಸರಿದ. ಬಾಟಲಿಗಳನ್ನು ಜೇಬಿಗೆ ಹಾಕಿಕೊಂಡ. ಮರುದಿನದಿಂದ ಕೋಟನ್ನು ಲಾಯದಲ್ಲೇ ತೂಗುಹಾಕಿ, ಅಲ್ಲೇ ಮೈತೊಳೆದು, ಬರೀ ಸೋಪಿನ ವಾಸನೆ ಹೊತ್ತು ಮನೆಗೆ ಬರತೊಡಗಿದ. ಎಷ್ಟೋ ದಿನ ಅವಳು ಯಂತ್ರ ತುಳಿಯುತ್ತ, ಇನ್ನೊಂದು ಸಲ ಕೇಳಿಯಾನು ಎಂದು ಕಾದಳು. ಕೇಳಿದರೆ ಬೇಡ ಎನ್ನುವುದಿಲ್ಲ ಎಂದೂ ನಿರ್ಧರಿಸಿಕೊಂಡಿದ್ದಳು. ಆತ ಕೇಳಲಿಲ್ಲ. ಕುದುರೆಯನ್ನು ದಿನಾ ಕೇಳಿದವನು ಹೆಂಡತಿಯನ್ನು ಒಂದೇ ಸಲ ಕೇಳಿ ಬಿಟ್ಟ. ನಾಲ್ಕು ಕಾಲಿನ ಒಂದು ಪ್ರಾಣಿಯ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ಯಾರ ಹತ್ತಿರ ಹೇಳಿಕೊಳ್ಳುವುದು?

*

ಮೊಂಡಿ ಲಾಳದವನ ತೋಳಿನಿಂದ ಹೆಗಲಿಗೆ, ಹೆಗಲಿನಿಂದ ಮುಖಕ್ಕೆ ಮೂಸುತ್ತ ಹೋಯಿತು. ಮುಖದ ಹತ್ತಿರ ಬಂದದ್ದೇ ಫುರ್ರೆಂದು ಉಸಿರು ಬಿಟ್ಟು ತಲೆ ಕೊಡವಿತು. ಬೀದಿ ನಡುಗುವ ಹಾಗೆ ಕೆನೆಯಿತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಜನರ ತಲೆಗಳ ಮೇಲಿಂದ ಲಾಯದ ಕಡೆಗೆ ನೋಡಿ ಮತ್ತೆ ಕೆನೆಯಿತು. ಎಣ್ಣೆ ಅದರ ಮೈಮೇಲೆಲ್ಲ ಇತ್ತು, ಆತ ಮಾತ್ರ ಎಲ್ಲೂ ಇರಲಿಲ್ಲ. ಅದು ಹಿಂದಕ್ಕೆ ತಿರುಗಲು ನೋಡಿತು. ಕುದುರೆಗೆ ಕಟ್ಟಿದ್ದ ಮೂಕಿಮರ ಲಟಲಟ ಎಂದಿತು. ಸಾರೋಟಿನ ಒಂದು ಚಕ್ರ ಕಾಲುದಾರಿಯ ಕಲ್ಲು ಹತ್ತಿ, ಒಳಗೆ ಪೆಟ್ಟಿಗೆ ಜಾರಿ ಗಾಜಿಗೆ ಬಡಿಯಿತು.

"ಅಣ್ಣಾ!" ಎಂದು ತಂಗಿ ಕಿರುಚಿದಳು. ಜನ ಚೆಲ್ಲಾಪಿಲ್ಲಿಯಾದರು.

"ಯಾರ್ರೀ ಮೈಗೆಲ್ಲ ಬಳಿದಿದ್ದು?" ಗುಂಪಿನಿಂದ ಎಣ್ಣೆಯ ಮೇಡಂ ಮುಂದೆ ಬಂದಳು. "ಇಷ್ಟು ವರ್ಷ ಇದು ಅವರ ವಾಸನೆ ಅಲ್ವಾ? ಅವರು ಇಲ್ಲೇ ಎಲ್ಲೋ ಇದ್ದಾರೆ ಅಂತ ಹುಡುಕ್ತಿದೆ."

ಲಾಳದವನ ಮುಖ ಕಪ್ಪಿಟ್ಟಿತು. ಒದ್ದೆ ಬಟ್ಟೆ ತಂದು ಒರೆಸಿದರು. ಬಳಿದ ಎಣ್ಣೆ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಮೊಂಡಿ ನಡುಗುತ್ತ ನಿಂತಿತು. ಅದರ ಕಣ್ಣಿನ ಬಿಳಿ ಕಾಣುತ್ತಿತ್ತು.

ಟೈಲರಮ್ಮ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ಮೊನ್ನೆಯಿಂದ ಅವಳೂ ಹಾಗೆಯೇ ಬಾಗಿಲ ಕಡೆಗೆ ತಿರುಗಿ ತಿರುಗಿ ನೋಡುತ್ತಿದ್ದಳು. ಕುದುರೆಗಾದರೆ ಕೂಗಲು ಬರುತ್ತಿತ್ತು. ಇಷ್ಟು ವರ್ಷದ ಅವಳ ಸಿಟ್ಟು ಅಲ್ಲೇ ಕರಗಿ, ಅಳುವಾಗಿ ಬಂತು. ಸಾವಾದ ಮೇಲೆ ಅವಳು ಮೊದಲ ಬಾರಿ ಅತ್ತದ್ದು ಅದೇ.

ಮಾಲೀಕ ಫೋನು ಕಿವಿಗಿಟ್ಟುಕೊಂಡ. "ಇನ್ನು ನನ್ನ ಮಾತು ಕೇಳಿ ತಾಯಿ. ವ್ಯಾನ್ ಬರ್ಲಿ."

ಅವಳು ಕಣ್ಣೊರೆಸಿಕೊಂಡು ಎದ್ದಳು. "ಇಳಿಸಿ ಅವರನ್ನ. ಹೊತ್ಕೊಂಡೇ ಹೋಗೋಣ."

"ಏರು ದಾರಿ. ದೂರ ಇದೆ."

"ಇರ್ಲಿ. ಎಲ್ಲರನ್ನೂ ಅವರು ಮುಟ್ಟಿಸಿದ್ರು. ಅವರೊಬ್ಬರನ್ನ ಮುಟ್ಟಿಸೋಕೆ ನಮ್ಮ ಕೈಲಾಗಲ್ವಾ? ಕುದುರೇನ ಬಿಡಿ, ಪಾಪ, ಅದಕ್ಕೆ ಹೊಡೀಬೇಡಿ."

ಗಂಡನ ಆ ಒಂದು ಕೋರಿಕೆಯೂ ನಡೆಯಲಿಲ್ಲವಲ್ಲ ಎಂದುಕೊಂಡಳು. ಗಾಜಿನ ಬಾಗಿಲು ತೆರೆದು ಪೆಟ್ಟಿಗೆಯನ್ನು ಹೊರಗೆ ಎಳೆದರು. ಹೆಗಲು ಕೊಡಲು ಜನ ನಾಮುಂದು ತಾಮುಂದು ಎಂದು ಬಂದರು. ಬೀದಿ ಕಿರಿದು, ಮುಂದೆ ಹೋಗಬೇಕಾದರೆ ಕುದುರೆಯ ಮುಖದ ಪಕ್ಕದಿಂದಲೇ ದಾಟಬೇಕಿತ್ತು.

"ಹುಷಾರು, ಒದ್ದೀತು," ಎಂದ ಮಾಲೀಕ.

ಪೆಟ್ಟಿಗೆ ಸಮೀಪಕ್ಕೆ ಬಂತು. ಆತನನ್ನು ಲಾಯದಲ್ಲಿ ತೂಗುಹಾಕುತ್ತಿದ್ದ ಆ ಕಪ್ಪು ಕೋಟಿನಲ್ಲೇ ಮಲಗಿಸಿದ್ದರು. ಹೊಸ ಬಟ್ಟೆ ಹಾಕೋಣ ಎಂದು ತಂಗಿ ಅಂದಿದ್ದಳು. ಬೇಡ, ಅದೇ ಇರಲಿ ಎಂದವಳು ಟೈಲರಮ್ಮ. ಮೊಂಡಿ ಪೆಟ್ಟಿಗೆಯ ಕಡೆಗೆ ಕತ್ತು ಚಾಚಿತು. ವಾರ್ನಿಶು ಬಳಿದ ಹಲಗೆಗೆ, ಮುಚ್ಚಳದ ಸಂದಿಗೆ ಮೂಗು ಹಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡಿತು. ಹೊತ್ತವರು ಅಲ್ಲೇ ನಿಂತರು. ಅದರ ನಡುಕ ನಿಂತಿತು.

ಹೊತ್ತವರು ಹೆಜ್ಜೆ ಇಟ್ಟರು. ಮೊಂಡಿಯೂ ಇಟ್ಟಿತು.

ಯಾರೂ ಎಳೆಯಲಿಲ್ಲ, ಯಾರೂ ಗದರಲಿಲ್ಲ. ಲಾಳದವನು ಲಗಾಮನ್ನು ಸುಮ್ಮನೆ ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಡೆದ. ಖಾಲಿ ಸಾರೋಟು ಗಡಗಡ ಎನ್ನುತ್ತ ಹಿಂದೆ ಉರುಳಿತು. ಅಂಗಡಿಯವರು ಹೊರಗೆ ಬಂದು ನಿಂತು, ಇದೇನು ಹೀಗೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ತಿರುವಿನಲ್ಲಿ ಹೆಗಲು ಬದಲಿಸಲು ಹೊತ್ತವರು ನಿಂತಾಗ ಕುದುರೆಯೂ ನಿಂತಿತು. ಅವರು ಹೊರಟಾಗ ಹೊರಟಿತು.

ಏರು ಶುರುವಾದಲ್ಲಿ ಟೈಲರಮ್ಮನಿಗೆ ಮುಂದೆ ನಡೆಯಲಾಗಲಿಲ್ಲ. ನಾದಿನಿಯ ಹೆಗಲು ಹಿಡಿದು ನಿಂತುಬಿಟ್ಟಳು.

"ಅತ್ತಿಗೆ, ಹತ್ತಿ," ಎಂದ ಲಾಳದವನು.

"ಎಲ್ಲಿಗೆ? ಒಳಗಾ?"

"ಒಳಗ್ಯಾಕೆ? ಮೇಲೆ. ಅಣ್ಣನ ಜಾಗದಲ್ಲಿ."

ಇಬ್ಬರು ಆಸರೆ ಕೊಟ್ಟು ಅವಳನ್ನು ಮೇಲೆ ಹತ್ತಿಸಿದರು. ಗಂಡ ಒಂದು ಜನ್ಮವಿಡೀ ಕೂತ ಸೀಟಿನಲ್ಲಿ ಅವಳು ಕೂತದ್ದು ಇದೇ ಮೊದಲು. ಇಷ್ಟು ಎತ್ತರವೆಂದು ಅವಳಿಗೆ ಗೊತ್ತಿರಲಿಲ್ಲ. ಭಯವಾಗಿ ಎರಡೂ ಕೈಯಿಂದ ಅಂಚನ್ನು ಹಿಡಿದುಕೊಂಡಳು. ಲಾಳದವನು ಲಗಾಮಿನ ತುದಿಯನ್ನು ಅವಳ ತೊಡೆಯ ಮೇಲಿಟ್ಟ. ಎದುರಿಗೆ ಮೊಂಡಿಯ ಬೆನ್ನು, ಬೆವತ ಕತ್ತು, ಮುಂದಕ್ಕೆ ನಿಮಿರಿದ ಎರಡು ಕಿವಿಗಳು. ಆ ಕಿವಿಗಳ ನಡುವೆ, ಊರ ಜನರ ಹೆಗಲ ಮೇಲೆ ಸಣ್ಣಗೆ ತೂಗುತ್ತ, ಅವಳ ಗಂಡ ಏರು ಹತ್ತುತ್ತಿದ್ದ.